ಉತ್ತರ ಅಚ್ಚಾಗಿದೆ, ಪ್ರಶ್ನೆಯನ್ನು ನಾವೇ ಹುಡುಕಬೇಕು: ಐದು ಸಂಪುಟಗಳ ಒಂದು ‘ಮಿಕ್ರಾಓತ್ ಗೆದೋಲೋತ್’

ಯೆಹೂದಿಗಳ ತೋರಾವನ್ನು, ಅಂದರೆ ಮೋಶೆಯ ಐದು ಗ್ರಂಥಗಳನ್ನು, ಅವುಗಳ ಮೇಲೆ ಬೇರೆ ಬೇರೆ ಶತಮಾನಗಳಲ್ಲಿ ಹುಟ್ಟಿದ ವ್ಯಾಖ್ಯಾನಗಳೊಡನೆ ಒಂದೇ ಪುಟದಲ್ಲಿ ಅಚ್ಚು ಮಾಡುವ ಪದ್ಧತಿಗೆ ‘ಮಿಕ್ರಾಓತ್ ಗೆದೋಲೋತ್’ ಎಂದು ಹೆಸರು. ಆ ಪದ್ಧತಿಯಲ್ಲಿ ಸಿದ್ಧವಾದ, ಎದುರು ಪುಟದಲ್ಲಿ ಇಂಗ್ಲಿಷ್ ಅನುವಾದವಿರುವ ಐದು ಸಂಪುಟಗಳನ್ನು ಎರಡು ವರ್ಷಗಳಿಂದ ಓದುತ್ತಿದ್ದೇನೆ. ಅಕ್ಷರ ಕೂಡಿಸಿ ಓದಿ, ನಿಘಂಟಿನ ನೆರವಿನಿಂದ ಒಂದು ವಾಕ್ಯವನ್ನು ಬಿಡಿಸಿಕೊಳ್ಳುವಷ್ಟು ಹೀಬ್ರೂ ಮಾತ್ರ ನನಗೆ ಬರುತ್ತದೆ. ಆದ್ದರಿಂದ ಇದು ಪಂಡಿತರ ವಿಮರ್ಶೆಯಲ್ಲ, ಹಣ ಕೊಟ್ಟು ಕೊಂಡು ಓದಿದವನ ವಿಮರ್ಶೆ. ಕೆಲವು ದೂರುಗಳನ್ನು ಹೇಳಬೇಕಾಗಿರುವುದರಿಂದ ಪ್ರಕಾಶಕರ ಹೆಸರನ್ನು ಬಿಟ್ಟಿದ್ದೇನೆ. ಈ ಬಗೆಯ ಯಾವ ಆವೃತ್ತಿಯನ್ನು ಕೊಳ್ಳಲು ಹೊರಟವರೂ ನಾನು ತೆರೆದು ನೋಡಿದ ಜಾಗಗಳನ್ನೇ ತೆರೆದು ನೋಡಬಹುದು.

ಮೊದಲು ಪುಟದ ವಿಷಯ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಬರಹವಾದ್ದರಿಂದ ಪುಸ್ತಕವೂ ಬಲಗಡೆಯಿಂದಲೇ ತೆರೆದುಕೊಳ್ಳುತ್ತದೆ. ಬಲಪುಟದ ನೆತ್ತಿಯಲ್ಲಿ ದಪ್ಪ ಅಕ್ಷರದ ಎರಡೋ ಮೂರೋ ವಚನಗಳು, ಅವುಗಳ ಪಕ್ಕದಲ್ಲಿ ಓಂಕೆಲೋಸನ ಹೆಸರಿನಲ್ಲಿರುವ ಅರಾಮಿಕ್ ಅನುವಾದ, ಕೆಳಗೆ ರಾಶಿ, ಅದರ ಸುತ್ತ ಇಬ್ನ್ ಎಜ್ರಾ, ರಶ್ಬಮ್, ರಂಬಾನ್ ಮತ್ತು ಸ್ಫೋರ್ನೊ ಎಂಬ ವ್ಯಾಖ್ಯಾನಕಾರರು ಇರುತ್ತಾರೆ. ಮೂಲ ಮೂರು ಸಾಲಾದರೆ ಅದರ ಮೇಲಿನ ಮಾತು ಅರವತ್ತು ಸಾಲು. ವೆನಿಸ್ ನಗರದಲ್ಲಿ ಮುದ್ರಣಾಲಯ ನಡೆಸುತ್ತಿದ್ದ, ಆಂಟ್‌ವರ್ಪ್ ಮೂಲದ ಕ್ರೈಸ್ತ ಡ್ಯಾನಿಯಲ್ ಬೊಂಬರ್ಗ್ 1517ರಲ್ಲಿ ಒಮ್ಮೆ, 1525ರಲ್ಲಿ ಇನ್ನಷ್ಟು ಅಚ್ಚುಕಟ್ಟಾಗಿ ಮತ್ತೊಮ್ಮೆ ಇಂಥ ಆವೃತ್ತಿಯನ್ನು ಹೊರತಂದನು. ಇಂದು ಕೈಗೆ ಸಿಗುವ ಎಲ್ಲ ಆವೃತ್ತಿಗಳೂ ಒಂದಲ್ಲ ಒಂದು ರೀತಿಯಲ್ಲಿ ಆ ಎರಡನೆಯ ಮುದ್ರಣದ ಸಂತತಿಯೇ.

ಹೆಸರುಗಳು ಮೊದಮೊದಲು ಗೊಂದಲ ಹುಟ್ಟಿಸುತ್ತವೆ. ರಾಶಿ ಎಂದರೆ ರಬ್ಬಿ ಶ್ಲೋಮೊ ಯಿತ್ಸ್‌ಹಾಕಿ, ಫ್ರಾನ್ಸಿನ ಟ್ರಾಯ್ ಊರಿನವರು, 1040ರಿಂದ 1105ರವರೆಗೆ ಬದುಕಿದ್ದವರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು ಆದಂತೆ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ರಶ್ಬಮ್ ಎಂಬವರು ರಾಶಿಯ ಮೊಮ್ಮಗ. ಇಬ್ನ್ ಎಜ್ರಾ ಹನ್ನೆರಡನೆಯ ಶತಮಾನದ ಸ್ಪೇನಿನ ವಿದ್ವಾಂಸರು. ರಂಬಮ್ ಎಂದರೆ ಹನ್ನೆರಡನೆಯ ಶತಮಾನದ ತತ್ತ್ವಜ್ಞಾನಿ ಮೈಮೋನಿಡಿಸ್, ರಂಬಾನ್ ಎಂದರೆ ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಹಿರೋನಾದಲ್ಲಿದ್ದ ನಹ್ಮಾನಿಡಿಸ್. ಕೊನೆಯ ಒಂದಕ್ಷರದ ವ್ಯತ್ಯಾಸ ಎಷ್ಟು ಅಪಾಯಕಾರಿಯೆಂದರೆ, ಈ ಆವೃತ್ತಿಯ ಐದನೆಯ ಸಂಪುಟದ ಪದಸೂಚಿಯಲ್ಲಿ ಇಬ್ಬರೂ ಮೂರು ಕಡೆ ಅದಲುಬದಲಾಗಿದ್ದಾರೆ. ಇನ್ನೊಂದು ಸಮಾಧಾನದ ಸಂಗತಿ: ಹಳೆಯ ಮುದ್ರಣಗಳಲ್ಲಿ ವ್ಯಾಖ್ಯಾನಗಳು ‘ರಾಶಿ ಲಿಪಿ’ ಎಂಬ ಬಾಗಿದ ಅಕ್ಷರಗಳಲ್ಲಿರುತ್ತವೆ, ಅದನ್ನು ಬೇರೆಯಾಗಿಯೇ ಕಲಿಯಬೇಕು. ರಾಶಿ ಆ ಲಿಪಿಯಲ್ಲಿ ಬರೆದವರಲ್ಲ. 1475ರಲ್ಲಿ ಇಟಲಿಯ ರೆಜ್ಜೊ ಡಿ ಕಲಾಬ್ರಿಯಾದಲ್ಲಿ ಅವರ ವ್ಯಾಖ್ಯಾನವನ್ನು ಅಚ್ಚು ಹಾಕಿದವರು ಸ್ಪೇನಿನ ಯೆಹೂದಿಗಳ ಕೈಬರಹವನ್ನು ಅನುಸರಿಸಿದ ಮೊಳೆಗಳನ್ನು ಬಳಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ನಮ್ಮ ಆವೃತ್ತಿಯಲ್ಲಿ ಎಲ್ಲವೂ ಸಾಮಾನ್ಯವಾದ ಚೌಕಾಕ್ಷರದಲ್ಲೇ ಇದೆ, ಸ್ವರಚಿಹ್ನೆಗಳೂ ಇವೆ. ಹೊಸ ಓದುಗನಿಗೆ ಇದು ದೊಡ್ಡ ಉಪಕಾರ.

ಆದರೆ ಇಂಥ ಪುಸ್ತಕವನ್ನು ಕಾಗದ, ಅಚ್ಚುಗಳಿಂದಷ್ಟೇ ಅಳೆಯುವಂತಿಲ್ಲ. ಈ ವ್ಯಾಖ್ಯಾನಕಾರರು ಸುಮ್ಮನೆ ಅರ್ಥ ಹೇಳುತ್ತ ಹೋಗುವವರಲ್ಲ. ಮೂಲದಲ್ಲಿ ಏನೋ ತೊಡಕು ಕಂಡಾಗ ಮಾತ್ರ ಬಾಯಿ ಬಿಡುತ್ತಾರೆ. ಒಂದು ಪದ ಹೆಚ್ಚಾಗಿದೆ, ಒಂದು ಮಾತು ಬಿಟ್ಟುಹೋಗಿದೆ, ಹಿಂದೆ ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಹೊಂದುವುದಿಲ್ಲ ಎಂಬಂಥ ತೊಡಕು. ಹಾಗಿದ್ದೂ ಆ ತೊಡಕು ಇಂಥದು ಎಂದು ಅವರು ಬಿಡಿಸಿ ಹೇಳುವುದು ಅಪರೂಪ, ನೇರವಾಗಿ ಪರಿಹಾರವನ್ನೇ ಬರೆದುಬಿಡುತ್ತಾರೆ. ಜೆರುಸಲೇಮಿನಲ್ಲಿ ಪಾಠ ಹೇಳುತ್ತಿದ್ದ ನೆಹಮಾ ಲೈಬೊವಿಟ್ಸ್ 1942ರಿಂದ ಮೂರು ದಶಕಗಳ ಕಾಲ ವಾರ ವಾರವೂ ಪ್ರಶ್ನೆಗಳ ಹಾಳೆಗಳನ್ನು ಸಿದ್ಧಪಡಿಸಿ ಹಂಚುತ್ತಿದ್ದರು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ‘ರಾಶಿಗೆ ಇಲ್ಲಿ ಏನು ತೊಡಕಾಯಿತು?’ ಎಂಬುದು. ನನ್ನ ಅಳತೆಗೋಲು ಅದೇ. ಅನುವಾದವೂ ಅಡಿಟಿಪ್ಪಣಿಗಳೂ ಓದುಗನನ್ನು ಆ ಪ್ರಶ್ನೆಯವರೆಗೆ ಕರೆದೊಯ್ಯುತ್ತವೆಯೇ? ವ್ಯಾಖ್ಯಾನಕಾರರು ಜಗಳವಾಡಿದಲ್ಲಿ ಜಗಳವನ್ನು ಜಗಳವಾಗಿಯೇ ಉಳಿಸುತ್ತವೆಯೇ?

ಮೊದಲ ಪರೀಕ್ಷೆ ಐದು ಗ್ರಂಥಗಳಲ್ಲಿ ಮೊದಲನೆಯದಾದ ಆದಿಕಾಂಡದ 4ನೆಯ ಅಧ್ಯಾಯದ 8ನೆಯ ವಚನ. ಹೀಬ್ರೂ ಮೂಲದಲ್ಲಿ ಅದು ಹೀಗಿದೆ: ಕಾಯಿನನು ತನ್ನ ತಮ್ಮನಾದ ಹೇಬೆಲನಿಗೆ ಹೇಳಿದನು, ಅವರು ಹೊಲದಲ್ಲಿದ್ದಾಗ ಕಾಯಿನನು ತಮ್ಮನ ಮೇಲೆ ಬಿದ್ದು ಅವನನ್ನು ಕೊಂದನು. ಏನು ಹೇಳಿದನು? ಅದೇ ಇಲ್ಲ. ‘ಹೇಳಿದನು’ ಎಂಬ ಕ್ರಿಯಾಪದ ಬಂದು ಮಾತು ಬರುವ ಮೊದಲೇ ವಾಕ್ಯ ಬೇರೆ ದಾರಿ ಹಿಡಿಯುತ್ತದೆ. ಪ್ರಾಚೀನ ಗ್ರೀಕ್ ಅನುವಾದವೂ ಸಮಾರ್ಯರೆಂಬ ಪಂಗಡದವರು ಉಳಿಸಿಕೊಂಡು ಬಂದ ತೋರಾ ಪಾಠವೂ ‘ಹೊಲಕ್ಕೆ ಹೋಗೋಣ’ ಎಂಬ ಮಾತನ್ನು ಸೇರಿಸಿ ತೂತನ್ನು ಮುಚ್ಚುತ್ತವೆ. ಯೆಹೂದಿ ವ್ಯಾಖ್ಯಾನಕಾರರ ಕೈಯಲ್ಲಿದ್ದ ಪಾಠದಲ್ಲಿ ಆ ಅನುಕೂಲವಿರಲಿಲ್ಲ.

ರಾಶಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಕೊಲ್ಲುವುದಕ್ಕೆ ನೆಪ ಸಿಗಲೆಂದು ಕಾಯಿನನು ತಮ್ಮನೊಡನೆ ಜಗಳದ ಮಾತು ತೆಗೆದನು, ಇದರ ಮೇಲೆ ಮಿದ್ರಾಷ್ ಕಥೆಗಳಿವೆ (ವಚನಗಳ ಸುತ್ತ ಹಳೆಯ ಗುರುಗಳು ಹೆಣೆದ ಕಥೆಗಳು), ಆದರೆ ವಚನದ ನೇರವಾದ ಅರ್ಥ ಇದು. ಇಬ್ನ್ ಎಜ್ರಾ ಅವರಿಗೆ ಜಗಳದ ಅಗತ್ಯವೂ ಕಾಣುವುದಿಲ್ಲ. ಹಿಂದಿನ ಎರಡು ವಚನಗಳಲ್ಲಿ ದೇವರು ಕಾಯಿನನನ್ನು ಗದರಿಸಿದ್ದಾನಲ್ಲ, ಆ ಮಾತುಗಳನ್ನೇ ಅವನು ತಮ್ಮನಿಗೆ ತಿಳಿಸಿದನು ಎನ್ನುತ್ತಾರೆ. ಇದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ. ಬೈಸಿಕೊಂಡ ಅಣ್ಣ ಆ ಬೈಗುಳವನ್ನು ತಮ್ಮನ ಮುಂದೆ ಒಂದೊಂದಾಗಿ ಒಪ್ಪಿಸುತ್ತ ನಿಂತಿದ್ದಾನೆ, ಮುಂದಿನದನ್ನು ಯಾರೂ ವಿವರಿಸಬೇಕಾಗಿಲ್ಲ. ರಂಬಾನ್ ಅವರ ಪ್ರಕಾರ ಈ ಮಾತು ಮುಂದಿನ ‘ಹೊಲದಲ್ಲಿದ್ದಾಗ’ ಎಂಬುದಕ್ಕೆ ಅಂಟಿಕೊಂಡಿದೆ: ಹೊಲಕ್ಕೆ ಹೋಗೋಣವೆಂದು ಕರೆದೊಯ್ದು ಯಾರೂ ಕಾಣದಂತೆ ಕೊಂದನು. ಗ್ರೀಕ್ ಅನುವಾದದ ಪರಿಹಾರವನ್ನು ರಂಬಾನ್ ಮೂಲಕ್ಕೆ ಒಂದಕ್ಷರವನ್ನೂ ಸೇರಿಸದೆ ವಾಕ್ಯರಚನೆಯಿಂದಲೇ ಪಡೆದುಕೊಂಡಿದ್ದಾರೆ.

ರಾಶಿ ‘ಇವೆ’ ಎಂದಷ್ಟೇ ಹೇಳಿ ಬಿಟ್ಟ ಮಿದ್ರಾಷ್ ಕಥೆಗಳನ್ನು ಈ ಆವೃತ್ತಿಯ ಅಡಿಟಿಪ್ಪಣಿ ತಂದುಕೊಟ್ಟಿದೆ, ಅದಕ್ಕಾಗಿ ಸಂಪಾದಕರಿಗೆ ನಾನು ಋಣಿ. ಆದಿಕಾಂಡದ ಮೇಲಿನ ಮಿದ್ರಾಷ್ ಸಂಗ್ರಹವಾದ ‘ಬೆರೇಶಿತ್ ರಬ್ಬಾ’ದಲ್ಲಿ ಬರುವಂತೆ, ಅಣ್ಣತಮ್ಮಂದಿರು ಲೋಕವನ್ನೇ ಪಾಲು ಮಾಡಿಕೊಂಡರು, ಒಬ್ಬನು ನೆಲವನ್ನು, ಇನ್ನೊಬ್ಬನು ಚರವಸ್ತುಗಳನ್ನು ತೆಗೆದುಕೊಂಡನು. ಆಮೇಲೆ ಒಬ್ಬನು ‘ನೀನು ನಿಂತಿರುವ ನೆಲ ನನ್ನದು’ ಎಂದನು, ಮತ್ತೊಬ್ಬನು ‘ನೀನು ಉಟ್ಟಿರುವ ಬಟ್ಟೆ ನನ್ನದು’ ಎಂದನು. ‘ಬಿಚ್ಚು’ ಎಂದನು ಇವನು, ‘ಹಾರು’ ಎಂದನು ಅವನು. ಆಸ್ತಿಯ ಪಾಲು ಕಂಡ ಯಾವ ಮನೆಯವರಿಗೂ ಈ ಜಗಳ ಹೊಸದೆನಿಸದು. ಇದೇ ಜಾಗದಲ್ಲಿ ಬೇರೊಬ್ಬ ಗುರು ಜಗಳ ದೇವಾಲಯದ ಸ್ಥಳಕ್ಕಾಗಿ ನಡೆಯಿತೆನ್ನುತ್ತಾನೆ, ಮತ್ತೊಬ್ಬನು ಹೆಣ್ಣಿಗಾಗಿ ಎನ್ನುತ್ತಾನೆ. ಮಣ್ಣು, ಮತ, ಹೆಣ್ಣು: ಕೊಲೆಗೆ ಕಾರಣವಾಗುವ ಮೂರನ್ನೂ ಆ ಬಿಟ್ಟುಹೋದ ಒಂದು ಮಾತಿನ ಜಾಗದಲ್ಲಿ ತುಂಬಿದ್ದಾರೆ. ರಶ್ಬಮ್ ಮಾತ್ರ ಇಲ್ಲಿ ಕಾಣುವುದಿಲ್ಲ. ಆದಿಕಾಂಡದ ಆರಂಭದ ಅಧ್ಯಾಯಗಳಲ್ಲಿ ಬಹುಭಾಗಕ್ಕೆ ಅವರ ವ್ಯಾಖ್ಯಾನ ಉಳಿದಿಲ್ಲವೆಂಬುದನ್ನು ಮುನ್ನುಡಿ ತಿಳಿಸಬೇಕಾಗಿತ್ತು, ತಿಳಿಸಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಅನುವಾದ ಸೋತಿದೆ. ಆದಿಕಾಂಡ 33:4ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ ಭೇಟಿಯಾದ ಏಸಾವನು ಓಡಿಬಂದು ತಮ್ಮನಾದ ಯಾಕೋಬನನ್ನು ಅಪ್ಪಿಕೊಂಡು ಮುದ್ದಿಡುತ್ತಾನೆ. ‘ಅವನಿಗೆ ಮುದ್ದಿಟ್ಟನು’ ಎಂಬುದು ಹೀಬ್ರೂವಿನಲ್ಲಿ ಆರು ಅಕ್ಷರಗಳ ಒಂದೇ ಪದ, ಆ ಆರು ಅಕ್ಷರಗಳಲ್ಲಿ ಪ್ರತಿಯೊಂದರ ಮೇಲೂ ಒಂದೊಂದು ಚುಕ್ಕೆಯಿದೆ. ತೋರಾದಲ್ಲಿ ಇಂಥ ಚುಕ್ಕೆಗಳಿರುವ ಜಾಗಗಳು ಹತ್ತು. ನಕಲುಗಾರರು ಶತಮಾನಗಳಿಂದ ಅವನ್ನು ತಪ್ಪದೆ ಇಡುತ್ತ ಬಂದಿದ್ದಾರೆ. ಈ ಆವೃತ್ತಿಯಲ್ಲಿ ಆ ಚುಕ್ಕೆಗಳು ಎಷ್ಟು ಸ್ಪಷ್ಟವಾಗಿವೆಯೆಂದರೆ, ಮೊದಲ ಸಲ ನೋಡಿದಾಗ ಅಚ್ಚಿನ ಮಸಿ ಸಿಡಿದಿದೆಯೆಂದು ತಿಳಿದು ಬೆರಳಿನಿಂದ ಒರೆಸಲು ಹೋಗಿದ್ದೆ.

ರಾಶಿ ಹಳೆಯ ಗುರುಗಳ ಭಿನ್ನಾಭಿಪ್ರಾಯವನ್ನು ಉದ್ಧರಿಸುತ್ತಾರೆ. ಆ ಮುದ್ದು ಮನಸ್ಸಿನಿಂದ ಬಂದದ್ದಲ್ಲವೆಂದು ಚುಕ್ಕೆಗಳು ಸೂಚಿಸುತ್ತವೆ ಎನ್ನುವುದು ಒಂದು ಪಕ್ಷ. ರಬ್ಬಿ ಶಿಮೋನ್ ಬಾರ್ ಯೋಹಾಯ್ ಅವರ ಪಕ್ಷ ಬೇರೆ: ಏಸಾವನಿಗೆ ಯಾಕೋಬನ ಮೇಲೆ ದ್ವೇಷವಿದೆಯೆಂಬುದು ಗೊತ್ತಿರುವ ಸಂಗತಿಯೇ, ಆದರೂ ಆ ಗಳಿಗೆಯಲ್ಲಿ ಅವನ ಕರುಳು ಕರಗಿತು, ಮುದ್ದು ಮನಸಾರೆ ಇಟ್ಟದ್ದು. ಮಿದ್ರಾಷ್ ಇನ್ನೂ ಮುಂದೆ ಹೋಗುತ್ತದೆ. ಹೀಬ್ರೂವಿನಲ್ಲಿ ಮುದ್ದಿಡುವುದಕ್ಕೂ ಕಚ್ಚುವುದಕ್ಕೂ ಇರುವ ಕ್ರಿಯಾಪದಗಳ ಉಚ್ಚಾರ ಬಹಳ ಹತ್ತಿರ, ಕೊನೆಯ ಅಕ್ಷರ ಮಾತ್ರ ಬೇರೆ. ಏಸಾವನು ಕಚ್ಚಲೆಂದೇ ಬಂದನು, ಯಾಕೋಬನ ಕೊರಳು ಅಮೃತಶಿಲೆಯಾಯಿತು, ಒಬ್ಬನು ಕೊರಳಿಗಾಗಿ ಅತ್ತರೆ ಇನ್ನೊಬ್ಬನು ಹಲ್ಲಿಗಾಗಿ ಅತ್ತನು ಎಂದು ಕಥೆ. ಇದಕ್ಕೆ ಇಬ್ನ್ ಎಜ್ರಾ ಕೊಡುವ ಉತ್ತರ, ಚುಕ್ಕೆಗಳ ಮೇಲಿನ ಈ ವ್ಯಾಖ್ಯಾನ ಆಗತಾನೆ ಮೊಲೆಹಾಲು ಬಿಟ್ಟ ಕೂಸುಗಳಿಗೆ ತಕ್ಕದ್ದು ಎಂದು. ಏಸಾವನು ಕೇಡು ಬಗೆದಿರಲಿಲ್ಲ ಎಂಬುದಕ್ಕೆ ಮುಂದಿನ ಪದವಾದ ‘ಅತ್ತರು’ ಎಂಬುದೇ ಸಾಕ್ಷಿ ಎಂದೂ ಅವರು ಸೇರಿಸುತ್ತಾರೆ.

ನಮ್ಮ ಅನುವಾದಕರು ಈ ವ್ಯಂಗ್ಯವನ್ನು ‘ಈ ವ್ಯಾಖ್ಯಾನ ಆರಂಭಿಕ ಹಂತದ ವಿದ್ಯಾರ್ಥಿಗಳಿಗೆ ಉಪಯುಕ್ತ’ ಎಂಬ ಅರ್ಥ ಬರುವಂತೆ ಇಂಗ್ಲಿಷಿಗೆ ತಂದಿದ್ದಾರೆ! ಎದುರು ಪುಟದ ಹೀಬ್ರೂವಿನಲ್ಲಿ ಮೊಲೆ ಎಂಬ ಪದವೇ ಇದೆ, ನನ್ನಂಥ ಅರೆಕಲಿಕೆಯವನಿಗೂ ಅದು ಕಾಣುತ್ತದೆ. ಗುರುಹಿರಿಯರ ಮಾತನ್ನು ಒಬ್ಬ ದೊಡ್ಡ ವಿದ್ವಾಂಸ ಹೀಗೆ ಜರೆದನೆಂದು ಹೇಳಲು ಅನುವಾದಕರಿಗೆ ಸಂಕೋಚವಾಗಿರಬೇಕು. ಸಂಕೋಚ ಅರ್ಥವಾಗುತ್ತದೆ, ಆದರೆ ಆ ಮಾತನ್ನು ಮೆದುಗೊಳಿಸಿದ ಕೂಡಲೇ ಪುಟದ ಮೇಲಿದ್ದ ವಾಗ್ವಾದ ಮಾಯವಾಗಿ ಆರು ಮಂದಿ ಒಬ್ಬರಿಗೊಬ್ಬರು ತಲೆದೂಗುತ್ತ ಕುಳಿತ ಸಭೆಯಂತಾಗುತ್ತದೆ.

ಇದು ಒಂದೇ ಜಾಗದ ಎಡವಟ್ಟೆಂದು ಬಿಡುವಂತಿಲ್ಲ. ವಿಮೋಚನಕಾಂಡ 34:29ರಲ್ಲಿ ಬೆಟ್ಟದಿಂದಿಳಿದ ಮೋಶೆಯ ಮುಖಚರ್ಮಕ್ಕೆ ಏನಾಗಿತ್ತೆಂದು ಹೇಳುವ ಕ್ರಿಯಾಪದವು ಕೊಂಬು ಎಂಬ ನಾಮಪದದ ಧಾತುವಿನದೇ. ಲ್ಯಾಟಿನ್ ಅನುವಾದದಲ್ಲಿ ಅದು ಕೊಂಬೇ ಆಗಿ, ರೋಮಿನಲ್ಲಿರುವ ಮೈಕೆಲೆಂಜೆಲೋನ ಮೋಶೆಯ ವಿಗ್ರಹದ ತಲೆಯ ಮೇಲೆ ಇಂದಿಗೂ ಎರಡು ಕೊಂಬುಗಳಿವೆ. ಬೆಳಕು ಕೊಂಬಿನಂತೆ ಮುಂದಕ್ಕೆ ಚಾಚಿತ್ತೆಂದು ರಾಶಿ ಎರಡನ್ನೂ ಕೂಡಿಸುತ್ತಾರೆ. ಇದನ್ನು ಕಾಡುಪ್ರಾಣಿಯ ಕೊಂಬಿಗೆ ಹೋಲಿಸುವವನು ಮೂರ್ಖ ಎಂದು ರಶ್ಬಮ್ ಸಿಡುಕುತ್ತಾರೆ. ಇಬ್ನ್ ಎಜ್ರಾ ಅವರ ಸಿಟ್ಟು ಇನ್ನೂ ಹೆಚ್ಚಿನದು, ಅದು ಒಂಬತ್ತನೆಯ ಶತಮಾನದ ಹೀವಿ ಎಂಬ ಬಾಲ್ಖ್ ಊರಿನ ಸಂಶಯವಾದಿಯ ಮೇಲೆ. ನಲವತ್ತು ದಿನ ಅನ್ನ ಬಿಟ್ಟಿದ್ದರಿಂದ ಮೋಶೆಯ ಮುಖ ಕೊಂಬಿನ ಹಾಗೆ ಒಣಗಿತ್ತೆಂದು ಅವನು ಹೇಳಿದ್ದನಂತೆ. ಆ ಪಾಪಿಯ ಎಲುಬುಗಳು ಪುಡಿಯಾಗಲಿ ಎಂದು ಇಬ್ನ್ ಎಜ್ರಾ ಶಪಿಸುತ್ತಾರೆ. ಅನುವಾದದಲ್ಲಿ ‘ಮೂರ್ಖ’ನೂ ಇಲ್ಲ, ಎಲುಬೂ ಇಲ್ಲ, ‘ಈ ಮತ ಸ್ವೀಕಾರಾರ್ಹವಲ್ಲ’ ಎಂಬಂಥ ಸಪ್ಪೆ ಮಾತಿದೆ. ಹೀವಿಯ ಪ್ರಶ್ನೆಗಳು ಇನ್ನೂರರಷ್ಟಿದ್ದವೆಂದೂ ಯೆಹೂದಿ ವಿದ್ವಾಂಸ ಸಾದ್ಯಾ ಗಾಓನ್ ಅವುಗಳಿಗೆ ಉತ್ತರ ಬರೆದರೆಂದೂ ಒಂದು ಟಿಪ್ಪಣಿ ಕೊಟ್ಟಿದ್ದರೆ, ಈ ಶಾಪ ಯಾವ ಹಳೆಯ ಗಾಯದಿಂದ ಬಂದದ್ದೆಂಬುದು ಓದುಗನಿಗೆ ತಿಳಿಯುತ್ತಿತ್ತು.

ಹೊಗಳಬೇಕಾದ ಜಾಗವೂ ಇದೆ. ಆದಿಕಾಂಡ 28:5ರ ಕೊನೆಯಲ್ಲಿ ರೆಬೆಕ್ಕಳನ್ನು ‘ಯಾಕೋಬ ಮತ್ತು ಏಸಾವರ ತಾಯಿ’ ಎಂದು ಕರೆಯಲಾಗಿದೆ. ಅಷ್ಟು ಹೊತ್ತಿಗೆ ಅವಳು ಯಾರ ತಾಯಿಯೆಂಬುದು ಓದುಗನಿಗೆ ಚೆನ್ನಾಗಿ ಗೊತ್ತು, ಹಾಗಾದರೆ ಈ ವಿಶೇಷಣ ಏಕೆ? ರಾಶಿಯ ವ್ಯಾಖ್ಯಾನ ಇಷ್ಟೇ: ‘ಇದು ನಮಗೇನು ಕಲಿಸುತ್ತದೆಯೋ ನನಗೆ ತಿಳಿಯದು.’ ಹೇಳುವುದೇನೂ ಇಲ್ಲದಿದ್ದರೆ ಸುಮ್ಮನಿದ್ದು ಮುಂದಿನ ವಚನಕ್ಕೆ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಇಲ್ಲೊಂದು ಪ್ರಶ್ನೆಯಿದೆಯೆಂಬುದನ್ನು ಗುರುತು ಹಾಕಿ ಹೋಗುವುದಕ್ಕಾಗಿಯೇ ಅವರು ಆ ಸಾಲನ್ನು ಬರೆದಿದ್ದಾರೆ, ಇಡೀ ಐದು ಸಂಪುಟಗಳಲ್ಲಿ ಪ್ರಶ್ನೆ ಮಾತ್ರ ಅಚ್ಚಾಗಿ ಉತ್ತರವಿಲ್ಲದ ಕೆಲವೇ ಜಾಗಗಳಲ್ಲಿ ಇದೊಂದು. ಅದರ ಕೆಳಗೆ ನಂತರದವರ ಸಮಾಧಾನಗಳನ್ನು ತುಂಬದೆ ಆ ಸಾಲನ್ನು ಒಂಟಿಯಾಗಿ ಬಿಟ್ಟ ಸಂಪಾದಕರ ಸಂಯಮ ನನಗೆ ಹಿಡಿಸಿತು.

ರಾಶಿಯ ಈ ಗುಣಕ್ಕೆ ಮೊಮ್ಮಗನೂ ಸಾಕ್ಷಿ ಹೇಳಿದ್ದಾರೆ. ಆದಿಕಾಂಡ 37:2ರ ವ್ಯಾಖ್ಯಾನದಲ್ಲಿ ರಶ್ಬಮ್, ತಾವು ತಾತನ ಎದುರಿಗೆ ವಾದ ಮಾಡಿದ್ದನ್ನೂ, ಬಿಡುವಿದ್ದಿದ್ದರೆ ದಿನದಿನವೂ ಹೊಸದಾಗಿ ಹೊಳೆಯುತ್ತಿರುವ ನೇರ ಅರ್ಥಗಳಿಗೆ ತಕ್ಕಂತೆ ಬೇರೆ ವ್ಯಾಖ್ಯಾನಗಳನ್ನು ಬರೆಯಬೇಕಾಗಿತ್ತೆಂದು ತಾತ ಒಪ್ಪಿಕೊಂಡದ್ದನ್ನೂ ದಾಖಲಿಸುತ್ತಾರೆ. ಇದೇ ಪುಟದಲ್ಲಿ ತಾತನ ವ್ಯಾಖ್ಯಾನ ಮೇಲೆ, ಅದನ್ನು ತಿದ್ದುವ ಮೊಮ್ಮಗನ ವ್ಯಾಖ್ಯಾನ ಕೆಳಗೆ. ಇಂಥದನ್ನು ಕಣ್ಣಾರೆ ನೋಡುವುದಕ್ಕಾಗಿಯೇ ಅಚ್ಚಿನ ಪುಸ್ತಕ ಕೊಳ್ಳಬೇಕು. ಸೆಫಾರಿಯಾ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯ ತಾಣದಲ್ಲಿ ಈ ವ್ಯಾಖ್ಯಾನಗಳೆಲ್ಲ ಉಚಿತವಾಗಿಯೇ ಸಿಗುತ್ತವೆ. ವಚನದ ಮೇಲೆ ಒತ್ತಿದರೆ ವ್ಯಾಖ್ಯಾನಕಾರರ ಪಟ್ಟಿ ತೆರೆದುಕೊಳ್ಳುತ್ತದೆ, ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಆದರೆ ನಾವು ಕೇಳಿದವರು ಮಾತ್ರ ಅಲ್ಲಿ ಮಾತಾಡುತ್ತಾರೆ. ಪುಟದಲ್ಲಿ ಕೇಳದವರೂ ನಡುವೆ ಬಾಯಿ ಹಾಕುತ್ತಾರೆ.

ಮೂರನೆಯ ಬಗೆಯ ತೊಡಕು ಆವೃತ್ತಿಗೆ ಬಿಸಿತುಪ್ಪವಾಗಿದೆ. ಅಬ್ರಹಾಮನು ದೇಶವನ್ನು ಹಾದುಹೋಗುವಾಗ ‘ಆಗ ಕಾನಾನ್ಯರು ದೇಶದಲ್ಲಿದ್ದರು’ ಎಂದು ಆದಿಕಾಂಡ 12:6 ಹೇಳುತ್ತದೆ. ಮೋಶೆಯ ಕಾಲದಲ್ಲೂ ಅವರು ಅಲ್ಲೇ ಇದ್ದರಲ್ಲ, ಹಾಗಾದರೆ ‘ಆಗ’ ಎಂದು ಬರೆದವರು ಯಾರು, ಯಾವಾಗ? ಕಾನಾನ್ಯರು ಆ ಕಾಲಕ್ಕೆ ಬೇರೆಯವರಿಂದ ನೆಲವನ್ನು ಕಸಿದುಕೊಂಡಿದ್ದಿರಬಹುದು ಎಂದು ಮೊದಲು ಹೇಳುವ ಇಬ್ನ್ ಎಜ್ರಾ, ‘ಹಾಗಲ್ಲವಾದರೆ ಇದರಲ್ಲೊಂದು ಗುಟ್ಟಿದೆ, ತಿಳಿದವನು ಸುಮ್ಮನಿರುವನು’ ಎಂದು ನಿಲ್ಲಿಸುತ್ತಾರೆ. 1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ ಈ ಗುಟ್ಟನ್ನೇ ಬಿಚ್ಚಿಟ್ಟು, ತೋರಾದ ಕರ್ತೃ ಮೋಶೆಯಲ್ಲವೆಂಬ ತನ್ನ ವಾದಕ್ಕೆ ಆಧಾರ ಮಾಡಿಕೊಂಡನು. ನಮ್ಮ ಆವೃತ್ತಿಯಲ್ಲಿ ಅಡಿಟಿಪ್ಪಣಿಯೇ ಇಲ್ಲ. ತಿಳಿದವರಾದ ಸಂಪಾದಕರೂ ಸುಮ್ಮನಿದ್ದಾರೆ. ಧರ್ಮೋಪದೇಶಕಾಂಡದ ಕೊನೆಯಲ್ಲಿ ಮಾತ್ರ ಈ ಮೌನ ನಡೆಯುವುದಿಲ್ಲ, ಏಕೆಂದರೆ ಮೋಶೆ ಸತ್ತನೆಂದು ಮೋಶೆಯೇ ಬರೆದಿರಲು ಸಾಧ್ಯವೇ ಎಂದು ಅಲ್ಲಿ ರಾಶಿಯೇ ಬಾಯಿಬಿಟ್ಟು ಕೇಳುತ್ತಾರೆ. ಕೊನೆಯ ಎಂಟು ವಚನಗಳನ್ನು ಮೋಶೆಯ ಉತ್ತರಾಧಿಕಾರಿ ಯೆಹೋಶುವ ಬರೆದನೆಂಬ ಮತವನ್ನೂ, ದೇವರು ಹೇಳುತ್ತಿದ್ದಂತೆ ಮೋಶೆ ಕಣ್ಣೀರಿನಿಂದ ಬರೆದನೆಂಬ ಮತವನ್ನೂ ಹಳೆಯ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಪರಂಪರೆಯಿಂದ ಎತ್ತಿ ಅಕ್ಕಪಕ್ಕದಲ್ಲಿ ಇಡುತ್ತಾರೆ. ಇಬ್ನ್ ಎಜ್ರಾ ಲೆಕ್ಕದಲ್ಲಿ ಯೆಹೋಶುವನ ಪಾಲು ಇಡೀ ಅಧ್ಯಾಯ, ಹನ್ನೆರಡು ವಚನ. ಅಧ್ಯಾಯದ ಆರಂಭದಲ್ಲೇ ಬೆಟ್ಟ ಹತ್ತಿದ ಮೇಲೆ ಮೋಶೆ ಏನನ್ನೂ ಬರೆಯಲಿಲ್ಲವಲ್ಲ! ಇಲ್ಲಿನ ಟಿಪ್ಪಣಿ ಚೆನ್ನಾಗಿದೆ, ಅದೇ ಕೈ 12:6ರಲ್ಲಿ ಏಕೆ ನಡುಗಿತೋ.

ಅರಣ್ಯಕಾಂಡ 20ರಲ್ಲಿ ನೀರು ಬರಿಸಲು ಬಂಡೆಗೆ ಹೊಡೆದ ಮೋಶೆಯ ತಪ್ಪೇನು ಎಂಬ ಪ್ರಸಿದ್ಧ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ದೇವರು ಹೇಳಿದಂತೆ ಬಂಡೆಯೊಡನೆ ಮಾತಾಡಬೇಕಾದಲ್ಲಿ ಹೊಡೆದದ್ದು ತಪ್ಪು ಎನ್ನುತ್ತಾರೆ ರಾಶಿ. ಸಿಟ್ಟೇ ತಪ್ಪು ಎನ್ನುವುದು ಮೈಮೋನಿಡಿಸ್ ಮತ. ಅವರು ತೋರಾಕ್ಕೆ ವಚನಾನುಕ್ರಮದ ವ್ಯಾಖ್ಯಾನ ಬರೆದವರಲ್ಲ, ಆದರೂ ರಂಬಾನ್ ಖಂಡಿಸುವುದಕ್ಕೆಂದು ಅವರ ಮಾತನ್ನು ತಂದಿರುವುದರಿಂದ ಪುಟದೊಳಗೆ ಜಾಗ ಸಿಕ್ಕಿದೆ. ಮೋಶೆ ಮಾಡಿದ ತಪ್ಪು ಒಂದು, ವ್ಯಾಖ್ಯಾನಕಾರರು ಹೊರಿಸಿದವು ಹದಿಮೂರು ಎಂಬರ್ಥದ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿ ಪಾದುವಾದ ಸಾಮ್ಯುಯೆಲ್ ಡೇವಿಡ್ ಲುಜ್ಜಾಟೊ ಅವರದು. ಟಿಪ್ಪಣಿಯಲ್ಲಿ ಅದನ್ನು ಕಂಡು ನಕ್ಕಿದ್ದೆ.

ಇನ್ನು ಪುಸ್ತಕದ ಕಟ್ಟಿನ ವಿಷಯ. ಕಾಗದ ತೆಳುವಾದರೂ ಹಿಂದಿನ ಪುಟದ ಅಕ್ಷರ ಇಣುಕುವುದಿಲ್ಲ, ಹೊಲಿಗೆ ಬೈಂಡಿಂಗ್ ಇರುವುದರಿಂದ ಮೇಜಿನ ಮೇಲೆ ತೆರೆದಿಟ್ಟರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ನನಗೆ ಬಂದ ಮೂರನೆಯ ಸಂಪುಟದಲ್ಲಿ 16 ಪುಟಗಳ ಒಂದು ಫಾರಂ ಎರಡು ಸಲ ಸೇರಿಕೊಂಡು, ಇನ್ನೊಂದು ಫಾರಂ ಬಿಟ್ಟುಹೋಗಿತ್ತು. ಯಾಜಕಕಾಂಡ 10ರಲ್ಲಿ ಆರೋನನ ಇಬ್ಬರು ಮಕ್ಕಳು ಬೆಂಕಿಗೆ ಆಹುತಿಯಾಗುವ ವಚನದ ಮೇಲೆ ರಾಶಿ ಏನು ಹೇಳಿದ್ದಾರೆಂದು ನೋಡಲು ಪುಟ ಮಗುಚಿದರೆ, ಹಿಂದೆ ಓದಿ ಮುಗಿಸಿದ್ದ ಧಾನ್ಯನೈವೇದ್ಯದ ಅಧ್ಯಾಯ ಮತ್ತೆ ಬಂತು. ಪ್ರಕಾಶಕರಿಗೆ ಬರೆದೆ; ಎರಡು ತಿಂಗಳು ಉತ್ತರವಿರಲಿಲ್ಲ, ಆಮೇಲೆ ಕ್ಷಮೆಯ ಒಂದು ಸಾಲೂ ಇಲ್ಲದೆ ಬದಲಿ ಸಂಪುಟ ಬಂತು, ಅದು ಸರಿಯಾಗಿದೆ.

ಹೀಬ್ರೂ ಸ್ವಲ್ಪವೂ ಬಾರದವರಿಗೆ ನಾನು ಇದನ್ನು ಕೊಳ್ಳಿರೆಂದು ಹೇಳಲಾರೆ. ಎಡಪುಟವನ್ನೇ ನಂಬಿದರೆ ಇಬ್ನ್ ಎಜ್ರಾ ಒಬ್ಬ ಸಂಭಾವಿತ ಮೇಷ್ಟರೆಂದು ತಿಳಿದುಬಿಡುತ್ತಾರೆ. ಅಕ್ಷರ ಬಲ್ಲವರು, ನಿಘಂಟು ತೆರೆಯಲು ಬೇಸರವಿಲ್ಲದವರು ಧಾರಾಳವಾಗಿ ಕೊಳ್ಳಬಹುದು. ಸಂಪುಟಗಳು ಬಿಡಿಯಾಗಿಯೂ ಸಿಗುತ್ತವೆ, ಆದ್ದರಿಂದ ಮೊದಲು ಆದಿಕಾಂಡವೊಂದನ್ನೇ ತರಿಸಿಕೊಂಡು, ಎಡಪುಟವನ್ನು ಒಂದು ಹಾಳೆಯಿಂದ ಮುಚ್ಚಿ, ಕಾಯಿನನು ‘ಹೇಳಿದನು’ ಎಂದಿರುವ ಜಾಗದಲ್ಲಿ ಏನು ಬಿಟ್ಟುಹೋಗಿದೆಯೆಂದು ಸ್ವಲ್ಪ ಹೊತ್ತು ತಾವೇ ಯೋಚಿಸಿ, ಆಮೇಲೆ ಹಾಳೆ ತೆಗೆದು ರಾಶಿಯ ಸಾಲನ್ನು ಓದಲಿ. ಉಳಿದ ನಾಲ್ಕು ಬೇಕೋ ಬೇಡವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.